ಹೆಪ್ಪು ಈಸ್ಕೊಂಡೋರು ಹೆಪ್ಪು ಕೊಡಬೇಕು

ಹೋದ ತಿಂಗಳು ನಮ್ಮನೇಲಿ ಮಾವನೋರ ತಿಥಿ ಇತ್ತಲ್ಲ, ಅವತ್ತು ಊಟ ಆಗಿ ಎಲೆ ಅಡಿಕೆ ಹಾಕ್ಕೊಂಡು ಕೂತಿದ್ದಾಗ ನಮ್ಮ ಓರಗಿತ್ತಿ ಒಂದು ಮಾತಂದ್ಲು. "ಅಕ್ಕಾ, ನಿನ್ನ ತಮ್ಮನ ಮಗಳಿಗೆ ಬೇರೆ ಕೆಲಸ ಇಲ್ವಾ? ಎರಡೂವರೆ ಸಾವಿರದ ವೈಫೈ ಡಬ್ಬಕ್ಕೆ ನಾಲ್ಕು ತಿಂಗಳು ಕೂತವ್ಳಂತೆ. ಬಿಸಾಕಿ ಹೊಸದು ತಗೊಂಡಿದ್ರೆ ಆಗ್ತಿರ್ಲಿಲ್ವಾ?" ಎಲ್ಲರೂ ನಕ್ರು. ನಾನೂ ನಕ್ಕು ಸುಮ್ನಾದೆ. ತಿಥಿ ಮನೇಲಿ ವಾದ ಯಾಕೆ ಅಂತ. ಆದ್ರೆ ಅವತ್ತಿಂದ ಆ ಮಾತು ಹಲ್ಲಿಗೆ ಸಿಕ್ಕಿದ ಕಲ್ಲಿನಂಗೆ ಕೂತೈತೆ. ಅದಕ್ಕೆ ಉತ್ತರ ಇವತ್ತು ಬರೀತಿದೀನಿ. ಓರಗಿತ್ತೀನೂ ಓದ್ತಾಳೆ, ಗೊತ್ತು. ಓದ್ಲಿ ಅಂತಾನೇ ಬರೀತಿರೋದು.

ಮೊದಲು ನಡೆದಿದ್ದು ಹೇಳ್ತೀನಿ. ನಾನಿರೋದು ಬಂಗಾರಪೇಟೆ, ನನ್ನ ತವರು ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಕಡೆ ಅನ್ನೋದು ನಿಮಗೆಲ್ಲ ಗೊತ್ತೇ ಐತೆ. ಅಮ್ಮ ಅಲ್ಲೇ ತಮ್ಮನ ಜೊತೆ ಅವಳೆ. ಅವರ ಬೀದಿಗೆ ಫೈಬರ್ ಕೇಬಲ್ ಇನ್ನೂ ಬಂದಿಲ್ಲ. "ನಿಮ್ಮ ಲೈನಿಗೆ ಮನೆ ಕಡಿಮೆ, ಆಗಲ್ಲಮ್ಮ" ಅಂತ ಕೇಬಲ್‌ನೋರು ಹೇಳಿಬಿಟ್ರು. ಅದಕ್ಕೆ ತಮ್ಮ ಐದು ವರ್ಷದ ಹಿಂದೆ ಸಿಮ್ ಹಾಕೋ ರೂಟರ್ ಒಂದು ತಂದ. ಫೋನಿಗೆ ಹಾಕೋ ಅಂಥದ್ದೇ ಸಿಮ್ ಅದಕ್ಕೆ ಹಾಕಿದ್ರೆ, ಟವರಿಂದ ಸಿಗ್ನಲ್ ತಗೊಂಡು ಮನೆಗೆಲ್ಲ ವೈಫೈ ಕೊಡ್ತೈತೆ. ಬಾಡಿಗೇದಲ್ಲ, ದುಡ್ಡು ಕೊಟ್ಟು ಕೊಂಡಿದ್ದು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗ್ತೈತೆ.

ಆ ಡಬ್ಬ ಅವರ ಮನೇಲಿ ಏನೇನು ಮಾಡ್ತಿತ್ತು ಗೊತ್ತಾ? ದುಬೈಲಿರೋ ನನ್ನ ಇನ್ನೊಬ್ಬ ತಮ್ಮ ದಿನಾ ರಾತ್ರಿ ಅಮ್ಮನ ಮುಖ ನೋಡೋದು ಅದರಿಂದಾನೆ. ಅಮ್ಮನ ಸಕ್ಕರೆ ಕಾಯಿಲೆ ರಿಪೋರ್ಟು ಡಾಕ್ಟರಿಗೆ ಹೋಗೋದು ಅದರಿಂದ. ತಮ್ಮನ ಹೆಂಡ್ತಿ ಕರೆಂಟ್ ಬಿಲ್ ಕಟ್ಟೋದು, ಹುಡುಗಿ ಪಾಲಿಟೆಕ್ನಿಕ್ ಪಾಠ ಓದೋದು ಎಲ್ಲಾ ಅದರಿಂದಾನೆ. ಟಿವಿ ಮೇಲೆ ಹೂವಿನ ಕುಂಡದ ಪಕ್ಕ ಸುಮ್ನೆ ಮಿಣಮಿಣ ಅಂತಿರ್ತಿತ್ತು. ಅಕ್ಕಿ ಡಬ್ಬದಷ್ಟೇ ಬೇಕಾದ ಡಬ್ಬ.

ಹೋದ ವರ್ಷ ಅದು ತಿಕ್ಕಲು ಆಡೋಕೆ ಶುರು ಮಾಡ್ತು. ಅಮ್ಮನ ಫೋನಲ್ಲಿ ಕೆಟ್ಟ ಕೆಟ್ಟ ಜಾಹೀರಾತು. ಒಂದು ಒತ್ತಿದ್ರೆ ಇನ್ನೊಂದು ತೆಗೆಯೋದು. ಅಮ್ಮ ಪಾಪ, ತಾನೇ ಏನೋ ತಪ್ಪು ಒತ್ತಿದೀನಿ ಅಂದ್ಕೊಂಡು ಫೋನ್ ಮುಟ್ಟೋದೇ ಬಿಟ್ಟಿದ್ಲು. ತಮ್ಮನ ಮಗಳು ನೋಡಿ ಹೇಳಿದ್ಲು, "ಅಜ್ಜಿ ತಪ್ಪಲ್ಲ, ಫೋನಿನ ತಪ್ಪೂ ಅಲ್ಲ, ರೂಟರ್ ಒಳಗೆ ಯಾರೋ ಕೈ ಹಾಕವ್ರೆ" ಅಂತ. ನಾವು ಒಂದು ಹೆಸರು ಒತ್ತಿದ್ರೆ ಅದು ಯಾವ ನಂಬರಿಗೆ ಹೋಗ್ಬೇಕು ಅಂತ ಹೇಳೋಕೆ ಡಿಎನ್ಎಸ್ ಅಂತ ಇರ್ತೈತೆ, ಹಳೇ ಕಾಲದ ಟೆಲಿಫೋನ್ ಡೈರೆಕ್ಟರಿ ಇದ್ದಂಗೆ. ಆ ಡೈರೆಕ್ಟರೀನೇ ಯಾರೋ ಬದಲಾಯಿಸಿ ಇಟ್ಟಿದ್ರು. ಅವಳು ಸರಿ ಮಾಡಿ ಪಾಸ್‌ವರ್ಡ್ ಬದಲಾಯಿಸಿದ್ಲು. ಎಂಟು ದಿನಕ್ಕೆ ಮತ್ತೆ ಹಂಗೇ ಆಯ್ತು. ಬಾಗಿಲಿಗೆ ಬೀಗ ಬದಲಾಯಿಸಿದ್ರೂ ಹಿತ್ತಲ ಗೋಡೇಲಿ ತೂತಿದ್ರೆ ಏನು ಮಾಡೋದು?

ಆ ತೂತು ಮುಚ್ಚೋ ಕೆಲಸ ಡಬ್ಬ ಮಾಡಿದ ಕಂಪನೀದು. ಅದನ್ನ ಅಪ್‌ಡೇಟ್ ಅಂತಾರೆ. ನೋಡಿದ್ರೆ ಕೊನೇ ಅಪ್‌ಡೇಟ್ ಬಂದು ನಾಲ್ಕು ವರ್ಷ ಆಗಿತ್ತು. ಅಂದ್ರೆ ನಾವು ತಂದ ಒಂದೇ ವರ್ಷಕ್ಕೆ ಅವರು ಕೈ ತೊಳ್ಕೊಂಡವ್ರೆ! ಸಹಾಯವಾಣಿಗೆ ಫೋನ್ ಮಾಡಿದೋಳು ನಾನೇ. "ಮೇಡಂ, ಆ ಮಾಡೆಲ್ ನಿಂತೋಗೈತೆ, ಹೊಸದು ತಗೊಳ್ಳಿ" ಅಂದ್ರು. "ಸ್ವಾಮಿ, ಡಬ್ಬ ಚೆನ್ನಾಗೈತೆ, ಲೈಟ್ ಉರೀತೈತೆ, ಸಿಗ್ನಲ್ ಬರ್ತೈತೆ, ಒಳಗಿರೋ ತೂತು ಮುಚ್ಚಿಕೊಡಿ ಸಾಕು" ಅಂದೆ. "ಆಗಲ್ಲ ಮೇಡಂ." "ಹಂಗಾದ್ರೆ ನಾವೇ ಮುಚ್ಕೊಳ್ತೀವಿ, ಹೆಂಗೆ ಅಂತ ಹೇಳಿ." "ಅದೂ ಹೇಳಂಗಿಲ್ಲ ಮೇಡಂ."

ನನಗೆ ರೋಸಿದ್ದು ಇಲ್ಲಿ ಕಣ್ರಮ್ಮ. ಮಾಡಿಕೊಡಲ್ಲ ಅನ್ನೋದು ಒಂದು. ನೀವೂ ಮಾಡ್ಕೋಬಾರದು ಅನ್ನೋದು ಇನ್ನೊಂದು. ಕುಕ್ಕರ್ ಗ್ಯಾಸ್ಕೆಟ್ ಹೋದ್ರೆ ರಾಬರ್ಟ್‌ಸನ್‌ಪೇಟೆ ಮಾರ್ಕೆಟಲ್ಲಿ ಸಿಗ್ತೈತೆ. ಮಿಕ್ಸಿ ಜಾರಿನ ಬ್ಲೇಡ್ ಹೋದ್ರೆ ರಿಪೇರಿ ಅಂಗಡಿಯೋನು ಹಾಕ್ಕೊಡ್ತಾನೆ. ಗ್ಯಾಸ್ಕೆಟ್ ಹೋಯ್ತು ಅಂತ ಕುಕ್ಕರ್ ಬಿಸಾಕೋ ಹೆಂಗಸು ನಮ್ಮ ಪೈಕಿ ಒಬ್ಬಳಾದ್ರೂ ಅವಳಾ? ಹಂಗಂತ ಯಾರಾದ್ರೂ ಹೇಳಿದ್ರೆ ದುಡ್ಡಿನ ಮದ ಅಂತೀವಿ. ಮತ್ತೆ ಈ ಡಬ್ಬಕ್ಕೆ ಮಾತ್ರ ಯಾಕೆ ತಲೆ ಬಗ್ಗಿಸಿ ಬಿಸಾಕಬೇಕು?

ಹುಡುಗಿ ಹೇಳಿದ್ಲು, "ಅತ್ತೇ, ಇದಕ್ಕೊಂದು ದಾರಿ ಐತೆ. ಓಪನ್‌ಡಬ್ಲ್ಯೂಆರ್‌ಟಿ ಅಂತ. ಕಂಪನಿ ತಂತ್ರಾಂಶ ತೆಗೆದು ಅದನ್ನ ಹಾಕ್ಬೋದು. ಆದ್ರೆ ನಮ್ಮ ಮಾಡೆಲ್ ಅವರ ಪಟ್ಟೀಲಿ ಇಲ್ಲ, ನಾನೇ ಸೇರಿಸ್ಬೇಕು." ರೂಟರ್ ಒಳಗೆ ಕೂತು ಅದನ್ನ ನಡೆಸೋ ತಂತ್ರಾಂಶಕ್ಕೆ ಫರ್ಮ್‌ವೇರ್ ಅಂತಾರೆ. ಓಪನ್‌ಡಬ್ಲ್ಯೂಆರ್‌ಟಿ ಅನ್ನೋದು ಯಾರು ಬೇಕಾದ್ರೂ ನೋಡ್ಬೋದಾದ, ತಿದ್ದಬೋದಾದ, ಪುಕ್ಕಟೆ ಸಿಗೋ ಫರ್ಮ್‌ವೇರ್. ಅದರ ಕತೆ ಅವಳು ಹೇಳಿದ ಮೇಲೆ ನನ್ನ ಸಿಟ್ಟು ಇನ್ನೂ ಜಾಸ್ತಿ ಆಯ್ತು. ಯಾಕೆ ಅಂತ ಹೆಪ್ಪಿನ ಲೆಕ್ಕದಲ್ಲಿ ಹೇಳ್ತೀನಿ, ನಮಗೆ ಬೇಗ ಅರ್ಥ ಆಗ್ತೈತೆ.

ಮನೇಲಿ ಮೊಸರು ಮುಗಿದ್ರೆ ಪಕ್ಕದ ಮನೆಗೆ ಹೋಗಿ ಒಂದು ಚಮಚ ಹೆಪ್ಪು ಈಸ್ಕೊಂಡು ಬರ್ತೀವಿ. ಅದಕ್ಕೆ ದುಡ್ಡಿಲ್ಲ. ಆದ್ರೆ ಬಾಯಲ್ಲಿ ಹೇಳದೇ ಇರೋ ಒಂದು ಕಟ್ಟಳೆ ಐತೆ. ನಾಳೆ ಇನ್ನೊಬ್ಬಳು ನಮ್ಮ ಬಾಗಿಲಿಗೆ ಬಂದು ಹೆಪ್ಪು ಕೇಳಿದ್ರೆ ಕೊಡಬೇಕು. ಈಸ್ಕೊಂಡ ಹೆಪ್ಪಲ್ಲಿ ಗಟ್ಟಿ ಮೊಸರು ಮಾಡಿ ಮಾರ್ಕೊಳ್ಳಿ, ಯಾರೂ ಬೇಡ ಅನ್ನಲ್ಲ. ಆದ್ರೆ "ಹೆಪ್ಪು ನಂದು, ಕೊಡಲ್ಲ" ಅಂದ್ರೆ ಬೀದಿ ಉಗೀತದೆ.

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಅನ್ನೋ ಹುಡುಗ ಲಿನಕ್ಸ್ ಅನ್ನೋ ತಂತ್ರಾಂಶ ಬರೆಯೋಕೆ ಶುರು ಮಾಡಿದ. ಮುಂದಿನ ವರ್ಷ ಅದನ್ನ ಜಿಪಿಎಲ್ ಅನ್ನೋ ಪರವಾನಗಿ ಕೆಳಗೆ ಕೊಟ್ಟ. ಆ ಪರವಾನಗಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಮಾಡಿದ್ದು. ಅದರ ಸಾರ ನಮ್ಮ ಹೆಪ್ಪಿನ ಕಟ್ಟಳೇನೇ. ಪುಕ್ಕಟೆ ತಗೊಳ್ಳಿ, ಬದಲಾಯಿಸಿ, ಮಾರಿ. ಆದ್ರೆ ನಿಮ್ಮಿಂದ ಕೊಂಡೋರು ಕೇಳಿದ್ರೆ ಅದರ ಮೂಲ ಬರಹ, ಅಂದ್ರೆ ಸೋರ್ಸ್ ಕೋಡ್, ಕೊಡಬೇಕು. ಲಿನಕ್ಸ್ ಒಬ್ಬನದಾಗಿ ಉಳೀಲಿಲ್ಲ, ಸಾವಿರಾರು ಜನ ಸೇರಿ ಬೆಳೆಸಿದ್ರು. ಇವತ್ತು ಮನೆ ಮನೇಲಿರೋ ಎಷ್ಟೋ ರೂಟರ್‌ಗಳ ಒಳಗೆ ಇರೋದು ಅದೇ ಲಿನಕ್ಸು. ನಮ್ಮ ಅಮ್ಮನ ಮನೆ ಡಬ್ಬದೊಳಗೂ ಅದೇ!

2002ರ ಕೊನೇಲಿ ಲಿಂಕ್‌ಸಿಸ್ ಅನ್ನೋ ಕಂಪನಿ ಡಬ್ಲ್ಯೂಆರ್‌ಟಿ54ಜಿ ಅಂತ ನೀಲಿ-ಕಪ್ಪು ಬಣ್ಣದ ರೂಟರ್ ಬಿಡ್ತು. ಮಾರನೇ ವರ್ಷ ಸಿಸ್ಕೋ ಅನ್ನೋ ದೊಡ್ಡ ಕಂಪನಿ ಅದನ್ನ ಕೊಂಡ್ಕೊಂಡ್ತು. ಅದೇ 2003ರಲ್ಲಿ ಜನ ಆ ರೂಟರ್ ಕೆದಕಿ ನೋಡಿದ್ರು. ಒಳಗೆ ಲಿನಕ್ಸ್! ಹೆಪ್ಪು ಈಸ್ಕೊಂಡು ಬಾಗಿಲು ಹಾಕ್ಕೊಂಡವ್ರೆ. ಜನ ಕೇಳಿದ್ರು, ಒತ್ತಾಯ ಮಾಡಿದ್ರು. ಕೊನೆಗೆ ಕಂಪನಿ ಸೋರ್ಸ್ ಕೋಡ್ ಹೊರಗೆ ಕೊಡಬೇಕಾಯ್ತು. ಆ ಕೋಡ್ ಹಿಡ್ಕೊಂಡು 2004ರಲ್ಲಿ ಹುಟ್ಟಿದ್ದೇ ಓಪನ್‌ಡಬ್ಲ್ಯೂಆರ್‌ಟಿ. ಅದರ ಹೆಸರಿನ ಕೊನೇ ಮೂರು ಅಕ್ಷರ ಆ ರೂಟರಿನ ಹೆಸರಿಂದಾನೇ ಬಂದಿರೋದು. ಮುಂದೆ ಇಂಥದ್ದೇ ತಕರಾರಿಗೆ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನೋರು 2008ರಲ್ಲಿ ಸಿಸ್ಕೋ ಮೇಲೆ ಕೋರ್ಟಿಗೂ ಹೋದ್ರು. 2009ರಲ್ಲಿ ರಾಜಿ ಆಯ್ತು.

ಈಗ ಹೇಳಿ, ಇದರಲ್ಲಿ ಭಿಕ್ಷೆ ಬೇಡ್ತಿರೋರು ಯಾರು? ನಮ್ಮ ಹುಡುಗಿ ಕಂಪನಿ ಮನೆ ಗುಟ್ಟು ಕೇಳ್ಲಿಲ್ಲ. ಊರೋರು ಸೇರಿ ಮಾಡಿದ್ದನ್ನ ತಗೊಂಡು ಹೋಗಿ ಡಬ್ಬದೊಳಗೆ ಹಾಕಿ ಬೀಗ ಜಡಿದವ್ರೆ. ಆ ಬೀಗ ತೆಗೀರಿ ಅಂತಿದಾಳೆ ಅಷ್ಟೇ.

ಅವಳು ಆ ನಾಲ್ಕು ತಿಂಗಳು ಏನು ಮಾಡಿದ್ಲು ಅನ್ನೋದನ್ನೂ ಹೇಳಬೇಕು. "ಸುಮ್ನೆ ಕೂತಿದ್ಲು" ಅನ್ನೋರಿಗೆ ಗೊತ್ತಾಗ್ಲಿ. ನಾನು ಶನಿವಾರ ಶನಿವಾರ ಹೋಗಿ ಪಕ್ಕದಲ್ಲಿ ಟಾರ್ಚ್ ಹಿಡ್ಕೊಂಡು ಕೂರ್ತಿದ್ದೆ. ನೋಡಿದ್ದನ್ನೇ ಬರೀತೀನಿ.

ಮೊದಲು ಡಬ್ಬದ ಕೆಳಗಿನ ರಬ್ಬರ್ ಕಾಲು ಕಿತ್ತು ಸ್ಕ್ರೂ ತೆಗೆದ್ಲು. ಒಳಗೆ ಹಸಿರು ಬೋರ್ಡು. ಯಾವ ಚಿಪ್ಪು ಅಂತ ಓದಿ ಹೇಳಿದ್ಲು, ನಾನು ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರ್ಕೊಂಡೆ. ಮೀಡಿಯಾಟೆಕ್ ಎಂಟಿ7628, ರ್‍ಯಾಮ್ 128 ಎಂಬಿ, ಫ್ಲ್ಯಾಶ್ 16 ಎಂಬಿ. "ಸಾಕಾಗ್ತೈತಾ?" ಅಂದೆ. "ಕನಿಷ್ಠ 64 ರ್‍ಯಾಮ್, 8 ಫ್ಲ್ಯಾಶ್ ಇರ್ಬೇಕು ಅಂತಾರೆ ಅತ್ತೆ, ನಮ್ಮದು ಅದರ ಎರಡರಷ್ಟು" ಅಂದ್ಲು. ಇದೇ ಚಿಪ್ಪಿರೋ ಬೇರೆ ರೂಟರ್‌ಗಳು ಆಗಲೇ ಪಟ್ಟೀಲಿ ಇದ್ವು. ಅಂದ್ರೆ ಒಲೆ ಗೊತ್ತಿರೋದೇ, ಅಡುಗೆಮನೆ ಮಾತ್ರ ಹೊಸದು.

ಬೋರ್ಡಿನ ಅಂಚಲ್ಲಿ ಸಾಸಿವೆ ಸಾಲು ಇಟ್ಟಂಗೆ ನಾಲ್ಕು ಚುಕ್ಕಿ ಇದ್ವು. ಅಲ್ಲಿ ವೈರ್ ಬೆಸುಗೆ ಹಾಕಿ ಕಂಪ್ಯೂಟರಿಗೆ ಕೊಟ್ರೆ ಡಬ್ಬ ಎದ್ದೇಳುವಾಗ ಏನೇನು ಗೊಣಗ್ತೈತೆ ಅಂತ ಓದ್ಬೋದು. ಅದಕ್ಕೆ ಬೇಕಾದ ಸಣ್ಣ ಅಡಾಪ್ಟರ್ ತಮ್ಮ ಬೆಂಗಳೂರು ಎಸ್.ಪಿ. ರೋಡಿಂದ ತಂದುಕೊಟ್ಟ. ಅದು 3.3 ವೋಲ್ಟಿಂದೇ ಇರ್ಬೇಕು, 5 ವೋಲ್ಟಿಗೆ ಇಟ್ರೆ ಬೋರ್ಡು ಸುಟ್ಟೋಗ್ಬೋದು. ಮೊದಲು ಬರೀ ಕಸ ಕಸ ಅಕ್ಷರ ಬಂತು. ವೇಗ 115200ರಿಂದ 57600ಕ್ಕೆ ಇಳಿಸಿದ ಮೇಲೆ ಸರಿಯಾದ ಇಂಗ್ಲಿಷು ಬಂತು. ಹುಡುಗಿ ಕೂಗಿದ್ದಕ್ಕೆ ಅಮ್ಮ ಒಳಗಿಂದ ಓಡಿ ಬಂದ್ಲು, ಕರೆಂಟ್ ಹೊಡೀತೇನೋ ಅಂತ.

ಆಮೇಲೆ ಮಾಡಿದ ಕೆಲಸ ನನಗೆ ತುಂಬ ಹಿಡಿಸ್ತು. ಏನೂ ಮುಟ್ಟೋಕೆ ಮುಂಚೆ ಫ್ಲ್ಯಾಶಲ್ಲಿ ಇದ್ದಿದ್ದನ್ನೆಲ್ಲ ಒಂದು ನಕಲು ಮಾಡಿ ಎರಡು ಕಡೆ ಇಟ್ಲು. ಅದರಲ್ಲಿ 'ಫ್ಯಾಕ್ಟರಿ' ಅಂತ ಒಂದು ಸಣ್ಣ ಭಾಗ ಇರ್ತೈತೆ. ಆ ಒಂದು ಡಬ್ಬದ ವೈಫೈ ರೇಡಿಯೋಗೆ ಕಾರ್ಖಾನೇಲಿ ಹಿಡಿದ ಅಳತೆಗಳೆಲ್ಲ ಅದರಲ್ಲಿ. ಅದು ಹೋದ್ರೆ ಇನ್ನೆಲ್ಲೂ ಸಿಗಲ್ಲ. ಹಳೇ ತಾಳಿ ಕರಗಿಸೋ ಮುಂಚೆ ತೂಕ ಬರ್ಕೊಳ್ಳಲ್ವಾ, ಹಂಗೆ.

ಆ ಡಬ್ಬ ಎದ್ದೇಳುವಾಗ ಒಂದು ಪಟ್ಟಿ ತೋರಿಸ್ತೈತೆ. 1 ಒತ್ತಿದ್ರೆ ಹೊಸ ಫರ್ಮ್‌ವೇರ್ ರ್‍ಯಾಮಿಗೆ ಮಾತ್ರ ಬರ್ತೈತೆ, ಆಫ್ ಮಾಡಿದ್ರೆ ಮಾಯ. 2 ಒತ್ತಿದ್ರೆ ಫ್ಲ್ಯಾಶಿಗೇ ಬರ್ದುಬಿಡ್ತೈತೆ. 9 ಒತ್ತಿದ್ರೆ ಡಬ್ಬ ಎಬ್ಬಿಸೋ ಬೂಟ್‌ಲೋಡರನ್ನೇ ಬದಲಾಯಿಸ್ತೈತೆ, ಅಲ್ಲಿ ತಪ್ಪಿದ್ರೆ ಡಬ್ಬ ಇಟ್ಟಿಗೆ. ಸಾರು ಅಂಗೈಗೆ ಹಾಕ್ಕೊಂಡು ಉಪ್ಪು ನೋಡೋದು 1, ಪಾತ್ರೆಗೇ ಉಪ್ಪು ಸುರಿಯೋದು 2, ಒಲೇನೇ ಕಿತ್ತು ಹಾಕೋದು 9. ಎರಡು ತಿಂಗಳು ಅವಳು 1 ಬಿಟ್ಟು ಬೇರೇದು ಒತ್ತಲೇ ಇಲ್ಲ. ಇದಕ್ಕೆ ತಾಳ್ಮೆ ಅಂತಾರೆ ಕಣಮ್ಮ ಓರಗಿತ್ತಿ, ಸೋಮಾರಿತನ ಅಲ್ಲ.

ಮುಖ್ಯ ಕೆಲಸ ಅಂದ್ರೆ ಡಿವೈಸ್ ಟ್ರೀ ಅನ್ನೋ ಒಂದು ಕಡತ ಬರೆಯೋದು. ಹೊಸ ಸೊಸೆ ಬಂದಾಗ ಅತ್ತೆ ಅಡುಗೆಮನೆ ತೋರಿಸ್ತಾಳಲ್ಲ, ಈ ಡಬ್ಬದಲ್ಲಿ ಬೇಳೆ, ಆ ಡಬ್ಬದಲ್ಲಿ ಹುಣಸೆಹಣ್ಣು, ಈ ನಲ್ಲಿ ಎಡಕ್ಕೆ ತಿರುಗಿಸಬೇಕು ಅಂತ. ಹಂಗೇ ಈ ಕಡತ ಲಿನಕ್ಸಿಗೆ ಹೇಳ್ತೈತೆ, ಈ ಬೋರ್ಡಲ್ಲಿ ಯಾವ ಲೈಟು ಯಾವ ಪಿನ್ನಲ್ಲಿ, ರೀಸೆಟ್ ಬಟನ್ ಎಲ್ಲಿ, ಫ್ಲ್ಯಾಶಲ್ಲಿ ಯಾವ ಭಾಗ ಎಲ್ಲಿಂದ ಎಲ್ಲಿಗೆ. ಇದನ್ನ ಕಂಪನಿ ಕೊಟ್ಟಿದ್ರೆ ಒಂದು ಸಂಜೆ ಕೆಲಸ. ಕೊಡದೇ ಇದ್ದಿದ್ದಕ್ಕೆ ಒಂದೊಂದೇ ಪಿನ್ನು ಹಚ್ಚಿ ಆರಿಸಿ ಹುಡುಕಬೇಕಾಯ್ತು.

ವೈಫೈ ಬೇಗ ಬಂತು. 4ಜಿ ಬರ್ಲಿಲ್ಲ. ಸಿಮ್ ಹಿಡಿಯೋ ಮೋಡೆಮ್ ಅನ್ನೋದು ಬೋರ್ಡಿನ ಮೇಲೆ ಬೇರೇನೇ ಒಂದು ತುಂಡು, ಅದಕ್ಕೆ ಕರೆಂಟ್ ಕೊಡೋಕೆ ಒಂದು ಪಿನ್ನು. ಅದು ಸಿಗದೆ ಮೂರು ವಾರ ಹೋಯ್ತು. ಅವಳು ಒಂದಿನ ಅತ್ತೂಬಿಟ್ಲು. ಕೊನೆಗೆ ಸಿಕ್ಕಿ, ಕಡತದಲ್ಲಿ ಸೇರಿಸಿದ ಮೇಲೆ ಪರದೆ ಮೇಲೆ 'ಸಿಡಿಸಿ-ಡಬ್ಲ್ಯೂಡಿಎಂ0' ಅಂತ ಒಂದು ಸಾಲು ಬಂತು. ಅಂದ್ರೆ ಮೋಡೆಮ್ ಎದ್ದಿದೆ ಅಂತ. ಎಪಿಎನ್ ಹಾಕಿದ್ವಿ. ದುಬೈ ತಮ್ಮನಿಗೆ ವಿಡಿಯೋ ಕಾಲ್ ಹೋಯ್ತು. ಅಮ್ಮ "ಊಟ ಆಯ್ತೇನೋ" ಅಂದ್ಲು. ಹುಡುಗಿ ಅಡುಗೆಮನೆಗೆ ಓಡಿ ಸಕ್ಕರೆ ಡಬ್ಬಕ್ಕೆ ಕೈ ಹಾಕಿದ್ಲು.

ಅಷ್ಟಕ್ಕೇ ಬಿಡಬೋದಿತ್ತು, ನಮ್ಮ ಮನೆ ಕೆಲಸ ಆಯ್ತಲ್ಲ. ಬಿಡ್ಲಿಲ್ಲ. ತಾನು ಬರೆದಿದ್ದನ್ನ ಓಪನ್‌ಡಬ್ಲ್ಯೂಆರ್‌ಟಿಗೆ ಕಳಿಸಿದ್ಲು. ಅದನ್ನ ನೋಡೋ ಜನ ಬೇರೆ ಬೇರೆ ದೇಶದೋರು. ಲೈಟಿನ ಹೆಸರು ಹಿಂಗೆ ಬರೀಬೇಕು, ಹಾಕೋ ವಿಧಾನ ಇನ್ನೂ ಬಿಡಿಸಿ ಹೇಳು ಅಂತ ತಿದ್ದಿಸಿದ್ರು. ಮೂರನೇ ಸಲಕ್ಕೆ ಒಪ್ಪಿದ್ರು. ಅದರ ಕೆಳಗೆ 'ಸೈನ್ಡ್-ಆಫ್-ಬೈ' ಅಂತ ಒಂದು ಸಾಲು ಹಾಕ್ಬೇಕು. ಇದನ್ನ ಕೊಡೋ ಹಕ್ಕು ನನಗೆ ಐತೆ ಅಂತ ಹೆಸರು ಹಾಕಿ ಹೇಳೋದು ಅದು. ಅಲ್ಲಿ ನಮ್ಮ ಹುಡುಗಿ ಹೆಸರು ಐತೆ. ಈಗ ಅದೇ ಮಾಡೆಲ್ ಇರೋ ಯಾರ ಮನೇಲಾದ್ರೂ, ಗುಜರಾತಲ್ಲಿರ್ಲಿ ಗುಲ್ಬರ್ಗದಲ್ಲಿರ್ಲಿ, ಡಬ್ಬ ಉಳೀತೈತೆ. ಈಸ್ಕೊಂಡ ಹೆಪ್ಪಿಗೆ ಹೆಪ್ಪು ಕೊಟ್ಲು. ಕಂಪನಿ ಮಾಡದೇ ಇದ್ದಿದ್ದನ್ನ ಪಾಲಿಟೆಕ್ನಿಕ್ ಓದೋ ಹುಡುಗಿ ಮಾಡಿದ್ಲು. ಓರಗಿತ್ತಿ, ಎರಡೂವರೆ ಸಾವಿರದ ಲೆಕ್ಕ ಈಗ ಮತ್ತೆ ಹಾಕು.

ಈಗ ನೀವು ಕೇಳೋ ಮಾತುಗಳಿಗೆ ಬರ್ತೀನಿ. ಎಲ್ಲ ನನ್ನ ಕಿವಿಗೆ ಬಿದ್ದಿರೋವೇ.

"ಹಳೇದು ಬಿಸಾಕಿ ಹೊಸದು ತಗೊಂಡ್ರೆ ಮುಗೀತಲ್ಲ." ಮುಗಿಯಲ್ಲ. ಹೊಸದಕ್ಕೂ ಎರಡು ವರ್ಷಕ್ಕೆ ಅದೇ ಗತಿ. ಮತ್ತೆ ಹಳೇದು ಎಲ್ಲಿಗೆ ಹೋಗ್ತೈತೆ? ಕೆಜಿಎಫ್‌ನಲ್ಲಿ ಹುಟ್ಟಿದ ನಮಗೆ ಇದನ್ನ ಯಾರೂ ಹೇಳಿಕೊಡಬೇಕಾಗಿಲ್ಲ. ಚಿನ್ನ ತೆಗೆದ ಮೇಲೆ ಉಳಿದ ಸಯನೈಡ್ ಮಣ್ಣಿನ ದಿಬ್ಬಗಳು ಇವತ್ತಿಗೂ ಊರ ಮಧ್ಯ ನಿಂತವೆ. ಗಾಳಿ ಬಂದ್ರೆ ಆ ಧೂಳು ನಮ್ಮ ಒಣಗಿ ಹಾಕಿದ ಬಟ್ಟೆ ಮೇಲೆ ಬರ್ತಿತ್ತು. ಲಾಭ ತಗೊಂಡೋರು ಹೋದ್ರು, ಕಸ ನಮ್ಮ ಪಾಲಿಗೆ ಬಿಟ್ರು.

"ಅಪ್‌ಡೇಟ್ ಇಲ್ದಿದ್ರೆ ಏನು, ನಡೀತೈತಲ್ಲ." ಗಣಿ ನೆನೆಸ್ಕೊಳ್ಳಿ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳ. ಒಳಗೆ ಊರೋ ನೀರು ಎತ್ತೋಕೆ ಪಂಪು ನಡೀತಾನೇ ಇರ್ಬೇಕಿತ್ತು. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿದ್ರು. ಪಂಪು ನಿಂತ ಮೇಲೆ ನೀರು ತುಂಬ್ಕೊಳ್ತು. ಹೊರಗಿಂದ ನೋಡಿದ್ರೆ ಶಾಫ್ಟು ಹಂಗೇ ನಿಂತಿತ್ತು. ಅಪ್‌ಡೇಟ್ ಅನ್ನೋದು ಆ ಪಂಪು ಇದ್ದಂಗೆ. ನಿಂತ್ರೆ ಲೈಟ್ ಉರೀತಾನೇ ಇರ್ತೈತೆ, ಒಳಗೆ ತುಂಬ್ತಾ ಇರ್ತೈತೆ. 2018ರ ಮೇ ತಿಂಗಳಲ್ಲಿ ವಿಪಿಎನ್‌ಫಿಲ್ಟರ್ ಅನ್ನೋ ಕೆಟ್ಟ ತಂತ್ರಾಂಶ ಕನಿಷ್ಠ 54 ದೇಶಗಳಲ್ಲಿ 5 ಲಕ್ಷದಷ್ಟು ಡಬ್ಬಗಳಿಗೆ ಹೊಕ್ಕಿದೆ ಅಂತ ಗೊತ್ತಾಯ್ತು. ಹೆಚ್ಚಿನವು ಮನೆ, ಸಣ್ಣ ಆಫೀಸಿನ ರೂಟರ್‌ಗಳೇ. ಅಮೆರಿಕದ ಎಫ್‌ಬಿಐನೋರು "ರೂಟರ್ ಆಫ್ ಮಾಡಿ ಆನ್ ಮಾಡಿ" ಅಂತ ಜನಕ್ಕೆಲ್ಲ ಹೇಳಬೇಕಾಯ್ತು.

"ಎಲ್ಲರೂ ತಿದ್ದೋಕೆ ಬಿಟ್ರೆ ರೇಡಿಯೋ ಕೆಡಿಸ್ತಾರೆ, ಬೇರೆಯೋರ ಸಿಗ್ನಲ್‌ಗೆ ಅಡ್ಡ ಬರ್ತೈತೆ." ಇದು ಸರಿಯಾದ ಪ್ರಶ್ನೆ, ನಮ್ಮೆಜಮಾನ್ರು ಕೇಳಿದ್ದು. ಕಾನೂನು ಮೀರಿ ಸಿಗ್ನಲ್ ಏರಿಸೋದು ತಪ್ಪೇ. ಅದಕ್ಕೇ ದೇಶ ಇಂಡಿಯಾ ಅಂತ ಸರಿಯಾಗಿ ಆರಿಸ್ಬೇಕು. ಆದ್ರೆ ಅದಕ್ಕೋಸ್ಕರ ಪೂರಾ ಡಬ್ಬಕ್ಕೆ ಬೀಗ ಹಾಕ್ಬೇಕಾ? ಅಮೆರಿಕದಲ್ಲಿ ಇದೇ ಮಾತು ಬಂದಿತ್ತು. 2016ರಲ್ಲಿ ಅಲ್ಲಿನ ಎಫ್‌ಸಿಸಿ ಅನ್ನೋ ಸರ್ಕಾರಿ ಸಂಸ್ಥೆ ರೇಡಿಯೋ ನಿಯಮದ ವಿಷಯಕ್ಕೆ ಟಿಪಿ-ಲಿಂಕ್ ಕಂಪನಿ ಜೊತೆ ರಾಜಿ ಮಾಡ್ಕೊಂಡಾಗ 2 ಲಕ್ಷ ಡಾಲರ್ ದಂಡ ಹಾಕ್ತು. ಜೊತೆಗೆ ನಿಯಮ ಪಾಲಿಸ್ಕೊಂಡೇ ಹೊರಗಿನೋರ ಫರ್ಮ್‌ವೇರ್‌ಗೂ ಅವಕಾಶ ಮಾಡಿಕೊಡೋ ದಾರಿ ಹುಡುಕಿ ಅಂತ ಒಪ್ಪಿಸ್ತು. ಚಾಕುವಿಂದ ಕೈ ಕೊಯ್ಕೋಬೋದು ಅಂತ ಅಡುಗೆಮನೇಲಿ ಚಾಕು ಬೇಡ ಅನ್ನೋಕಾಗಲ್ಲ.

"ಕಂಪನಿಗೂ ವ್ಯಾಪಾರದ ಗುಟ್ಟು ಇರ್ತೈತಲ್ಲ." ಇರ್ಲಿ. ನಮ್ಮ ಬಂಗಾರಪೇಟೆ ಪಾನಿಪುರಿಗೆ ನೀರು ಕಂಡ್ರೆ ಬಾವಿ ನೀರಿನಂಗೆ ತಿಳಿಯಾಗಿರ್ತೈತೆ, ಬಾಯಿಗಿಟ್ರೆ ಕಣ್ಣಲ್ಲಿ ನೀರು. ಹೆಂಗೆ ಮಾಡ್ತೀಯಪ್ಪ ಅಂತ ಗಾಡಿಯೋನನ್ನ ಯಾರೂ ಪೀಡಿಸಲ್ಲ. ಅವನು ತಾನೇ ಕಂಡ್ಕೊಂಡಿದ್ದು, ಅವನ ಅನ್ನ ಅದು. ಆದ್ರೆ ನಮ್ಮ ಮನೆ ಒಗ್ಗರಣೆ ಪುಡಿ ಈಸ್ಕೊಂಡು ಹೋಗಿ, ಪೊಟ್ಟಣ ಕಟ್ಟಿ ನಮಗೇ ಮಾರಿ, ಬಿಚ್ಚಿ ನೋಡ್ಬೇಡಿ ಅಂದ್ರೆ ಅದು ಗುಟ್ಟಲ್ಲ, ಕಳ್ಳತನ. ಮೋಡೆಮ್ಮಿನ ಒಳಗಿನ ಫರ್ಮ್‌ವೇರ್ ಕಂಪನೀದೇ, ಇವತ್ತಿಗೂ ಮುಚ್ಚೇ ಐತೆ. ಅದನ್ನ ನಾವು ಮುಟ್ಟಿಲ್ಲ. ಐಎಂಇಐ ನಂಬರ್ ಮುಟ್ಟೋದಂತೂ ಅಪರಾಧ, ಯಾರೂ ಕೈ ಹಾಕ್ಬೇಡಿ.

"ಪುಕ್ಕಟೆ ಸಿಗೋದಕ್ಕೆ ಯಾರು ಜವಾಬ್ದಾರಿ?" ದುಡ್ಡು ಕೊಟ್ಟಿದ್ದಕ್ಕೆ ಯಾರು ಜವಾಬ್ದಾರಿ ಆದ್ರು, ಅದನ್ನ ಮೊದಲು ಹೇಳಿ. ಕೈತಪ್ಪಿದ್ರೆ ಡಬ್ಬ ಸಾಯ್ತೈತೆ, ವಾರಂಟಿ ಹೋಗ್ತೈತೆ, ಇದು ನಿಜ, ಮುಚ್ಚಿಡಲ್ಲ. ಆದ್ರೆ ನಮ್ಮ ಡಬ್ಬದ ವಾರಂಟಿ ಯಾವಾಗಲೋ ತೀರಿತ್ತು.

"ಹೆಣ್ಣು ಹುಡುಗಿಗೆ ಯಾಕೆ ಬೆಸುಗೆ, ಸ್ಕ್ರೂ." ಇದನ್ನ ಅಂದೋರ ಹೆಸರು ಹೇಳಲ್ಲ. ಸಂಪಿಗೆ ಮೋಟರ್ ಕೆಟ್ಟಾಗ, ಗ್ಯಾಸ್ ಒಲೆ ಬರ್ನರ್ ಕಟ್ಕೊಂಡಾಗ, ಹೊಲಿಗೆ ಮಿಷನ್ ದಾರ ಸಿಕ್ಕಿಹಾಕ್ಕೊಂಡಾಗ ಬಿಚ್ಚಿ ನೋಡೋರು ಯಾರು? ಗಂಡಸರು ಕೆಲಸಕ್ಕೆ ಹೋಗಿರ್ತಾರೆ. ಮನೇಲಿ ಆ ಡಬ್ಬದ ಜೊತೆ ದಿನಾ ಏಗೋರು ನಾವು. ನಮಗೇ ಬೇಕು ಆ ವಿದ್ಯೆ.

ನಮ್ಮಂಥೋರು ಇದನ್ನೆಲ್ಲ ಮಾಡೋಕಾಗಲ್ಲ ಅಂತ ಕೈ ಚೆಲ್ಲಬೇಡಿ. ತುಮಕೂರು ಹತ್ರ ದೇವರಾಯನದುರ್ಗದ ಕಡೆ ಜನಸ್ತು ಅನ್ನೋ ಸಂಸ್ಥೆಯೋರು ಹಳ್ಳಿ ಜನರ ಜೊತೆ ಸೇರಿ ತಮ್ಮದೇ ವೈಫೈ ಜಾಲ ಕಟ್ಟವ್ರೆ. ಜರ್ಮನಿಯಲ್ಲಿ ಫ್ರೈಫಂಕ್ ಅಂತ ಊರೂರಿನ ಜನ ಓಪನ್‌ಡಬ್ಲ್ಯೂಆರ್‌ಟಿ ಮೇಲೇ ಕಟ್ಟಿದ ಫರ್ಮ್‌ವೇರ್ ಹಾಕಿ ಅಕ್ಕಪಕ್ಕದೋರಿಗೆ ವೈಫೈ ಹಂಚ್ತಾರೆ. ಬೆಂಗಳೂರಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಅಂತ ಐತೆ, ಕಾಲೇಜು ಮಕ್ಕಳಿಗೆ ಶಿಬಿರ ಮಾಡಿ ಕಲಿಸ್ತಾರೆ. ನಿಮ್ಮ ಮಕ್ಕಳನ್ನ ಕಳಿಸಿ.

ಸರ್ಕಾರದೋರಿಗೂ ಒಂದು ಮಾತು ಐತೆ. 2022ರ ಜುಲೈಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡ್ತು. ಅದೇ ವರ್ಷ ಡಿಸೆಂಬರ್ 24ಕ್ಕೆ ಅದಕ್ಕೊಂದು ಪೋರ್ಟಲ್ಲೂ ತೆಗೀತು. ಟ್ರ್ಯಾಕ್ಟರು, ಮೊಬೈಲು, ಫ್ರಿಜ್ಜು, ಗಾಡಿ ಅಂತ ಪಟ್ಟಿ ಮಾಡಿದ್ರು. ಒಳ್ಳೇದೇ. ಆದ್ರೆ ಬಿಡಿಭಾಗ ಸಿಕ್ಕಿದ್ರೆ ಮಾತ್ರ ರಿಪೇರಿ ಆಗಲ್ಲ ಸ್ವಾಮಿ, ಒಳಗಿನ ತಂತ್ರಾಂಶಾನೂ ರಿಪೇರಿ ಆಗ್ಬೇಕು. ಇಂಗ್ಲೆಂಡಲ್ಲಿ 2024ರ ಏಪ್ರಿಲ್ 29ರಿಂದ ಇಂಥ ಡಬ್ಬ ಮಾರೋರು ಎಷ್ಟು ಕಾಲ ಸುರಕ್ಷತೆ ಅಪ್‌ಡೇಟ್ ಕೊಡ್ತೀವಿ ಅಂತ ಮೊದಲೇ ಹೇಳಬೇಕು, ಎಲ್ಲ ಡಬ್ಬಕ್ಕೂ ಒಂದೇ ಸುಲಭದ ಪಾಸ್‌ವರ್ಡ್ ಹಾಕಿ ಮಾರಂಗಿಲ್ಲ. ಯುರೋಪಿನೋರು ಮಾಡಿರೋ ಸೈಬರ್ ಕಾಯ್ದೆಯ ಮುಖ್ಯ ಭಾಗ 2027ರ ಡಿಸೆಂಬರಿಂದ ಜಾರಿಗೆ ಬರ್ತೈತೆ. ಅದರಲ್ಲಿ ಸಾಮಾನ್ಯವಾಗಿ ಕನಿಷ್ಠ 5 ವರ್ಷ ನೋಡ್ಕೋಬೇಕು ಅಂತ ಐತೆ. ಬಿಸ್ಕತ್ ಪೊಟ್ಟಣದ ಮೇಲೆ ಎಷ್ಟು ದಿನಕ್ಕೆ ಕೆಡ್ತೈತೆ ಅಂತ ಬರೀಬೇಕು ಅಂತ ನಮ್ಮಲ್ಲಿ ನಿಯಮ ಐತೆ. ಮನೆಯೋರ ದುಡ್ಡು, ಮಾತು, ಮುಖ ಎಲ್ಲ ಹಾದು ಹೋಗೋ ಡಬ್ಬದ ಮೇಲೆ ಯಾಕೆ ಬರೀಬಾರದು?

ನಾನು ಕೇಳೋದು ಇಷ್ಟೇ. ಎಷ್ಟು ವರ್ಷ ನೋಡ್ಕೊಳ್ತೀರ ಅಂತ ಡಬ್ಬದ ಮೇಲೆ ಬರೀರಿ. ಆ ವರ್ಷ ಮುಗಿದ ದಿನ ಬೀಗದ ಕೈ ಕೊಂಡೋರ ಕೈಗೆ ಕೊಡಿ. ನೀವು ಈಸ್ಕೊಂಡಿದ್ದರ ಸೋರ್ಸ್ ಕೋಡ್ ಕೇಳಿದಾಗ ಕೊಡಿ. ಇದು ಉಪಕಾರ ಅಲ್ಲ, ನೀವು ಒಪ್ಪಿ ತಗೊಂಡಿರೋ ಕಟ್ಟಳೆ.

ನಿಮ್ಮ ಹತ್ರ ಕೇಳೋದೂ ಮೂರು. ಅಂಗಡಿಗೆ ಹೋದಾಗ ಬಣ್ಣ, ಆಂಟೆನಾ ನೋಡೋ ಮುಂಚೆ "ಎಷ್ಟು ವರ್ಷ ಅಪ್‌ಡೇಟ್ ಬರ್ತೈತೆ? ಓಪನ್‌ಡಬ್ಲ್ಯೂಆರ್‌ಟಿ ಆಗ್ತೈತಾ?" ಅಂತ ಕೇಳಿ. ಅಂಗಡಿಯೋನು ಬಾಯಿ ಬಿಡ್ತಾನೆ, ಬಿಡ್ಲಿ. ಹತ್ತು ಜನ ಹೆಂಗಸರು ಕೇಳಿದ್ರೆ ಹನ್ನೊಂದನೆಯೋಳಿಗೆ ಉತ್ತರ ತಿಳ್ಕೊಂಡಿರ್ತಾನೆ. ಎರಡನೇದು, ಇಂಟರ್ನೆಟ್ ಕಂಪನಿಯೋರು ಬಾಡಿಗೆಗೋ ಡೆಪಾಸಿಟ್ಟಿಗೋ ಕೊಟ್ಟ ಡಬ್ಬ ಇದ್ರೆ ಅದನ್ನ ಬಿಚ್ಚಬೇಡಿ, ಅದು ಅವರದು. ಮೂರನೇದು, ಸ್ವಂತ ದುಡ್ಡಲ್ಲಿ ಕೊಂಡ ಹಳೇ ಡಬ್ಬ ಅಟ್ಟದ ಮೇಲೆ ಬಿದ್ದಿದ್ರೆ ಗುಜರಿಗೆ ಹಾಕೋ ಮುಂಚೆ ನನಗೊಂದು ಫೋನ್ ಮಾಡಿ. ಹುಡುಗಿ ಪಟ್ಟೀಲಿ ಐತಾ ಅಂತ ನೋಡಿ ಹೇಳ್ತಾಳೆ. ಪಟ್ಟೀಲಿ ಇದ್ರೆ ಅರ್ಧ ಗಂಟೆ ಕೆಲಸ.

ಓರಗಿತ್ತಿ, ನಿಮ್ಮನೆ ಶೋಕೇಸಲ್ಲಿ ಹಳೇ ಡಬ್ಬ ಎರಡು ಇಟ್ಟಿದೀಯಲ್ಲ, ಯುಗಾದಿಗೆ ಬರುವಾಗ ತಗೊಂಡು ಬಾ. ಜೊತೆಗೆ ಹೆಪ್ಪಿಗೆ ಒಂದು ಸಣ್ಣ ಬಟ್ಟಲೂ ತಾ. ನಿಮ್ಮನೆ ಮೊಸರು ಹುಳಿ ಬಂದೈತೆ ಅಂತಿದ್ದೆ, ನಮ್ಮನೇದು ಈಗ ಚೆನ್ನಾಗೈತೆ.